ಕಾದು ಕುಳಿತ ನಾಲ್ಕು ಮಡಿ

ಮೊದಲು ಪ್ರಶ್ನೆ ಹುಟ್ಟಬೇಕು, ಆಮೇಲೆ ಹೊಲ ಹುಡುಕಬೇಕು ಎಂದು ನಾನು ತರಗತಿಯಲ್ಲಿ ಹೇಳಿಕೊಡುತ್ತೇನೆ. ನನ್ನ ಸಂಶೋಧನೆಯಲ್ಲಿ ಮೊದಲು ಬಂದದ್ದು ಹೊಲ. ರಸಾಯನಶಾಸ್ತ್ರ ಪಾಠ ಮಾಡಲು ಲಿಂಗಸುಗೂರಿನಿಂದ ಸಿಂಧನೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಮಸ್ಕಿ ದಾಟಿ ಸ್ವಲ್ಪ ದೂರ ಹೋದರೆ ಬಲಗಡೆಯ ಕಿಟಕಿಯಲ್ಲಿ ಒಂದು ತುಂಡು ನೆಲ ಕಾಣುತ್ತಿತ್ತು. ಸುತ್ತಲೂ ಭತ್ತ ಹಸಿರಾಗಿ ನಿಂತಿದ್ದರೂ ಅದೊಂದು ಮಾತ್ರ ಬೂದಿ ಚೆಲ್ಲಿದ ಹಾಗೆ ಬಿಳಿಚಿಕೊಂಡಿರುತ್ತಿತ್ತು. ಬಲಗಡೆ ಎಂದು ಬರೆದೆ. ನೋಟ್‌ಬುಕ್ಕಿನಲ್ಲಿ ಆಗ ನಾನೇ ಬಿಡಿಸಿದ ನಕ್ಷೆ ಎಡಗಡೆ ಎನ್ನುತ್ತದೆ. ನೆನಪಿಗೂ ನೋಟ್‌ಬುಕ್ಕಿಗೂ ಜಗಳ ಬಂದ ಕಡೆಯೆಲ್ಲ ಇಲ್ಲಿ ನೋಟ್‌ಬುಕ್ಕನ್ನೇ ನಂಬಿದ್ದೇನೆ, ಒಂದು ಕಡೆ ಬಿಟ್ಟು.

ಅದು ಸವಳು ನೆಲ. ವರ್ಷಾನುಗಟ್ಟಲೆ ಕಾಲುವೆಯ ನೀರು ನಿಂತು ನಿಂತು ಕೆಳಗಿನ ಉಪ್ಪು ಮೇಲೆ ಬಂದಿರುತ್ತದೆ. ಆ ಉಪ್ಪಿನೊಳಗಿನ ಸೋಡಿಯಂ ಎರೆಮಣ್ಣಿನ ಕಣಗಳನ್ನು ಬಿಡಿಬಿಡಿ ಮಾಡಿ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತದೆ. ಮೇಲೆ ನೀರು ನಿಂತೇ ಇರುತ್ತದೆ, ಒಂದು ಗೇಣು ಕೆಳಗೆ ಬೇರು ಒಣಗುತ್ತಿರುತ್ತದೆ. ಜಿಪ್ಸಂ ಹಾಕಿ ನೀರು ಕಟ್ಟಿದರೆ ಅದರಲ್ಲಿರುವ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ, ಸೋಡಿಯಂ ನೀರಿನ ಜೊತೆ ಇಳಿದು ಹೋಗುತ್ತದೆ. ಇದು ಪಠ್ಯಪುಸ್ತಕದಲ್ಲೇ ಇದೆ. ನಮ್ಮ ಈ ನೆಲದಲ್ಲಿ, ಈ ಕಾಲುವೆಯ ನೀರಿನಲ್ಲಿ ಎಷ್ಟರ ಮಟ್ಟಿಗೆ ಹಾಗಾಗುತ್ತದೆ ಎಂಬುದು ಪುಸ್ತಕದಲ್ಲಿ ಇರಲಿಲ್ಲ. ಜಿಪ್ಸಂ ಹಾಕಿದರೆ ಭತ್ತದ ಇಳುವರಿ ಹೆಚ್ಚುತ್ತದೆಯೇ ಎಂಬ ಪ್ರಶ್ನೆಯನ್ನು ನಾನು ಪಿಎಚ್.ಡಿ.ಗೆ ನೋಂದಾಯಿಸಿದ್ದೆ. ಎರಡು ವರ್ಷ ಬೇರೆ ಬೇರೆ ಕಾರಣಕ್ಕೆ ಕೈಬಿಟ್ಟು ಹೋಗಿದ್ದವು. ನೋಂದಣಿಯ ಅವಧಿಯೊಳಗೆ ಉಳಿದದ್ದು ಒಂದೇ ಮುಂಗಾರು.

ಹೊಲದ ಯಜಮಾನರಿಗೆ ಐವತ್ತರ ಆಸುಪಾಸು. ಬೆಳೆ ಬಾರದ ಆ ತುಂಡನ್ನು ಎರಡು ಮಾತಿಲ್ಲದೆ ಬಿಟ್ಟುಕೊಟ್ಟರು. ಹೊಲದಲ್ಲಿ ನಿಜವಾಗಿ ಆಡಳಿತ ನಡೆಸುತ್ತಿದ್ದವರು ಅವರ ತಾಯಿ. ಎಪ್ಪತ್ತು ದಾಟಿದ್ದರೂ ದಿನಾ ಹೊಲಕ್ಕೆ ಬರುತ್ತಿದ್ದರು. ಆಳುಮಕ್ಕಳು ಕರೆಯುವ ಹಾಗೆ ನಾನೂ ಅವರನ್ನು ಅಮ್ಮ ಎಂದೇ ಕರೆದೆ. ಶಿವಭಕ್ತರ ಮನೆ. ಬಂದವರಿಗೆ ಊಟ ಹಾಕದೆ ಕಳಿಸುವುದಿಲ್ಲ. ಮೊದಲ ದಿನ ಬೇವಿನ ಮರದ ಕೆಳಗೆ ಟ್ರ್ಯಾಕ್ಟರಿನವನು, ಬದು ಕಟ್ಟಿದ ಹೆಣ್ಣುಮಕ್ಕಳು, ಯಜಮಾನರು, ನಾನು ಎಲ್ಲ ಒಂದೇ ಸಾಲಿನಲ್ಲಿ ಕೂತೆವು. ಅಮ್ಮ ರೊಟ್ಟಿ, ಪುಂಡಿಪಲ್ಯ ಬಡಿಸುತ್ತ ಹೋದರು. ಸಾಲಿನ ತುದಿಯವರಿಗೆ ಬಡಿಸಿ ಮುಗಿಯುವವರೆಗೆ ಯಾರೂ ರೊಟ್ಟಿ ಮುರಿಯಲಿಲ್ಲ. ಆ ದಿನದ ಪುಟದಲ್ಲಿ ಮಣ್ಣಿನ ಬಣ್ಣವಿದೆ, ಬಿಸಿಲಿನ ತಾಪವಿದೆ, ಬದುವಿನ ಎತ್ತರವಿದೆ. ಈ ಊಟ ಇಲ್ಲ.

ನೆಲವನ್ನು ಗುಂಟೆಗೊಂದರಂತೆ ಹನ್ನೆರಡು ಮಡಿ ಮಾಡಿದೆವು. ಆರಕ್ಕೆ ಜಿಪ್ಸಂ, ಆರು ಇದ್ದ ಹಾಗೆಯೇ. ಯಾವುದು ಯಾವುದಕ್ಕೆ ಎಂದು ಚೀಟಿ ಎತ್ತಿ ತೀರ್ಮಾನಿಸಬೇಕು. ಸ್ಟೀಲ್ ತಟ್ಟೆಯಲ್ಲಿ ಹನ್ನೆರಡು ಚೀಟಿ ಇಟ್ಟು ಯಜಮಾನರ ಮುಂದೆ ಹಿಡಿದೆ. ಅವರಿಗೆ ಅದು ಸರಿಬರಲಿಲ್ಲ. ಬಹಳ ಕೆಟ್ಟ ಮಡಿಗೆ ಮೊದಲು ಹಾಕಬೇಕಲ್ಲವೇ, ಔಷಧಕ್ಕೆ ಯಾರಾದರೂ ಚೀಟಿ ಎತ್ತುತ್ತಾರೆಯೇ ಎಂದು ಕೇಳಿದರು. ನಾನು ಆರಿಸಿದರೆ ನನ್ನ ಆಸೆಯೇ ಉತ್ತರವಾಗಿ ಬರುತ್ತದೆ, ಅದಕ್ಕೇ ಚೀಟಿ ಎಂದೆ. ಒಪ್ಪಿದರು. ಅಮ್ಮ ಮಾತ್ರ ಬದುವಿನ ಮೇಲೆ ನಿಂತು ಕೇಳಿದರು:

"ಉಳಿದ ಆರಕ್ಕ ಏನು?"

"ಏನೂ ಇಲ್ಲಮ್ಮ. ಅವು ಹಂಗ ಇರಬೇಕು."

ಅಮ್ಮ ಬದು ಇಳಿದು ಬೇವಿನ ಮರದ ಕಡೆ ಹೋದರು. ಅದನ್ನು ಒಪ್ಪಿಗೆ ಎಂದುಕೊಂಡೆ.

ಪ್ರತಿ ಮಡಿಯಲ್ಲಿ ಐದು ಕಡೆ ಕೊಳವೆ ಬಡಿದು ಮಣ್ಣು ತೆಗೆದೆ. ಐದನ್ನೂ ಕಲಸಿ ಗುಡ್ಡೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದದ್ದನ್ನು ಚೆಲ್ಲಬೇಕು. ಅರ್ಧ ಕಿಲೋ ಉಳಿಯುವವರೆಗೆ ಮತ್ತೆ ಮತ್ತೆ ಹಾಗೆಯೇ. ಜಿಪ್ಸಂ ತೂಗಿ, ಆರು ಮಡಿಗೆ ನನ್ನ ಕಣ್ಣೆದುರೇ ಎರಚಿಸಿ, ಹೆಚ್ಚಿಗೆ ತರಿಸಿದ್ದ ಎರಡು ಚೀಲಗಳನ್ನು ಅವರ ಕೊಟ್ಟಿಗೆಯಲ್ಲಿ ಇರಿಸಿದೆ. "ಉಳಿದದ್ದು ಎರಡು ಚೀಲ" ಎಂದು ಬರೆದು ಕೆಳಗೆ ಗೆರೆ ಹಾಕಿದೆ. ಮಣ್ಣಿನ ಪೊಟ್ಟಣಗಳನ್ನು ಕೈಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದರೆ ಕಂಡಕ್ಟರ್ ಚೀಲವನ್ನು ಕಾಲಿನಿಂದ ಒತ್ತಿ ನೋಡಿದ.

"ಏನೈತ್ರೀ ಮೇಡಂ ಇದರಾಗ?"

"ಮಣ್ಣು."

"ನಿಮಗ ಫ್ರೀ ಐತ್ರೀ, ಮಣ್ಣಿಗಿಲ್ಲ," ಎಂದ. ಹಿಂದಿನ ಸೀಟಿನ ಹೆಂಗಸರು ನಕ್ಕರು. ಮಣ್ಣೂ ಹೆಣ್ಣೇ ಅಲ್ಲೇನೋ ಎಂದು ಒಬ್ಬಳು ನನ್ನ ಪರವಾಗಿ ವಾದ ಹೂಡಿದಳು. ಟಿಕೆಟ್ ಹರಿದನೋ ಬಿಟ್ಟನೋ ನೆನಪಿಲ್ಲ.

ನಾಟಿಯಾಯಿತು, ಕಳೆ ತೆಗೆದದ್ದಾಯಿತು, ತೆನೆ ಬಂತು. ಹದಿನೈದು ದಿನಕ್ಕೊಮ್ಮೆ ಹೋಗಿ ಪೈರಿನ ಎತ್ತರ ಅಳೆದೆ, ಮಣ್ಣು ತಂದೆ, ನೆರಳಲ್ಲಿ ಒಣಗಿಸಿ ಕುಟ್ಟಿ ಜರಡಿ ಹಿಡಿದೆ, ಕಾಲೇಜಿನ ಲ್ಯಾಬಿನಲ್ಲಿ ಕ್ಷಾರದ ಅಳತೆ ನೋಡಿದೆ. ಕೊಯ್ಲಿನಲ್ಲಿ ಒಂದೊಂದು ಮಡಿಯನ್ನೂ ಬೇರೆ ಬೇರೆ ತಾಡಪಾಲಿನ ಮೇಲೆ ಬಡಿಸಿ ತೂಗಿದೆ. ಹನ್ನೆರಡು ತೂಕಗಳನ್ನು ಕಾಗದದ ಮೇಲೆ ಚುಕ್ಕಿಯಾಗಿ ಇಟ್ಟಾಗ ಹತ್ತು ಚುಕ್ಕಿಗಳು ಎರಡು ಗುಂಪಾಗಿ ಕೂತವು, ಜಿಪ್ಸಂ ತಿಂದವು ಮೇಲೆ, ತಿನ್ನದವು ಕೆಳಗೆ. ತಿನ್ನದ ಮಡಿಗಳಲ್ಲಿ ಎರಡು, ನೆಲದ ತುದಿಯ ಹನ್ನೊಂದು ಮತ್ತು ಹನ್ನೆರಡು, ಮೇಲಿನ ಗುಂಪಿನಲ್ಲಿ ಹೋಗಿ ಕೂತಿದ್ದವು.

ಫೋನಿನಲ್ಲಿ ಮಾರ್ಗದರ್ಶಕರು ಸಮಾಧಾನ ಹೇಳಿದರು. ಹೊಲದ ಪ್ರಯೋಗದಲ್ಲಿ ಇದೆಲ್ಲ ಇದ್ದದ್ದೇ, ಗುಂಪಿಗೆ ಸೇರದವು ಎಂದು ಆ ಎರಡನ್ನು ಕೈಬಿಡಿ, ಉಳಿದ ಹತ್ತು ಚೆನ್ನಾಗಿ ಬಂದಿವೆ, ಅವಧಿಯೊಳಗೆ ಬರೆದು ಒಪ್ಪಿಸಬಹುದು ಎಂದರು. ಅವರು ಕೆಟ್ಟವರಲ್ಲ. ನನ್ನ ನೋಂದಣಿ ಉಳಿಯಲಿ ಎಂದೇ ಹೇಳಿದ್ದು. ಯಾವ ಅಳತೆಯನ್ನು ಕೈಬಿಡಬೇಕು ಎಂಬ ನಿಯಮವನ್ನು ಅಳತೆಗೆ ಮೊದಲೇ ಮಾಡಿಕೊಳ್ಳಬೇಕಿತ್ತು, ನಾನು ಮಾಡಿರಲಿಲ್ಲ. ಈಗ ಅವೆರಡನ್ನು ಬಿಡುವುದಕ್ಕೆ ನನ್ನ ಬಳಿ ಇದ್ದ ಒಂದೇ ಕಾರಣವೆಂದರೆ ಅವು ನನಗೆ ಬೇಡವಾಗಿದ್ದವು ಎಂಬುದು. ಮೊದಲು ಅವು ಹಾಗೇಕೆ ಬಂದವು ಎಂದು ತಿಳಿಯಬೇಕು ಎನ್ನಿಸಿತು.

ಮರುದಿನ ಮಧ್ಯಾಹ್ನ ಹೊಲದ ಮನೆಗೆ ಹೋದೆ. ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಮೊದಲು ಮೆಣಸಿನಕಾಯಿ ಕಂಡೆನೋ, ಅದರ ಕೆಳಗೆ ಬಿಚ್ಚಿ ಹಾಸಿದ್ದ ಚೀಲ ಕಂಡೆನೋ ಈಗ ಹೇಳಲಾರೆ. ಎರಡು ಚೀಲ. ಹೊಲಿಗೆ ಬಿಚ್ಚಿ, ತೊಳೆದು ಹಾಸಿದ್ದವು. ನೀಲಿ ಅಕ್ಷರ ಇನ್ನೂ ಓದಲು ಬರುತ್ತಿತ್ತು.

"ಅಮ್ಮ, ಇದರಾಗಿನ ಜಿಪ್ಸಂ ಏನಾತು?"

"ಹಾಕಿಬಿಟ್ಟೆನವ್ವ."

"ಎಲ್ಲಿಗೆ?"

"ಉಪಾಸ ಇದ್ದುವಲ್ಲ ಆರು, ಅವಕ್ಕ."

ಅವರ ದನಿಯಲ್ಲಿ ತಪ್ಪು ಒಪ್ಪಿಕೊಳ್ಳುವ ಛಾಯೆಯೇ ಇರಲಿಲ್ಲ. ಯಾವಾಗ ಎಂದು ಕೇಳಿದೆ. ನಾನು ಹೋದ ಮರುದಿನ ಎಂದರು, ಅಲ್ಲ ಸೋಮವಾರ ಎಂದರು, ನಾಟಿಗೆ ಮುಂಚೆ ಅನ್ನುವುದಂತೂ ಖರೆ ಎಂದರು. ಒಂದೊಂದಕ್ಕೆ ಒಂದೊಂದು ಪುಟ್ಟಿ ತುಂಬ ಹಾಕಿದ್ದರಂತೆ. ತುದಿಯ ಎರಡು ಬಹಳ ಸೊರಗಿದ್ದವು, ಅವಕ್ಕೆ ಜಾಸ್ತಿ ಬಿತ್ತಂತೆ.

"ಎಷ್ಟು ಜಾಸ್ತಿ ಅಮ್ಮ?"

"ಬಡಿಸಾಕ ನಿಂತಾಗ ಯಾರರ ಎಣಸ್ತಾರೇನ?"

ಅಷ್ಟರಲ್ಲಿ ಬಂದ ಯಜಮಾನರು ವಿಷಯ ತಿಳಿದು ಕಟ್ಟೆಯ ಮೇಲೆ ಕುಸಿದು ಕೂತರು. "ಯವ್ವಾ, ಮೇಡಮ್ಮಾರ ಓದೆಲ್ಲ ನೆಲಕ್ಕ ಹಾಕಿದೆಲ್ಲ ನೀ," ಎಂದರು.

"ನೆಲಕ್ಕ ಹಾಕಿದ್ದು ನೆಲದಾಗ ಐತಿ, ಎಲ್ಲಿ ಹೋಗೈತಿ?" ಎಂದು ಅಮ್ಮ ಮೆಣಸಿನಕಾಯಿಯೊಳಗೆ ಕೈಯಾಡಿಸಿದರು. ಒಂದೇ ಹೊಲದ ಹನ್ನೆರಡು ಮಡಿಯಲ್ಲಿ ಆರಕ್ಕೆ ಉಣಿಸಿ ಆರನ್ನು ನೋಡುತ್ತ ಕೂರಿಸುವುದು ತಮ್ಮ ಮನೆಯಲ್ಲಿ ನಡೆದುಬಂದಿಲ್ಲ ಎಂದರು. ನಾನು ಕಲಿತವಳು, ಮರೆತಿರಬೇಕು ಎಂದುಕೊಂಡಿದ್ದರಂತೆ.

ನನಗೆ ಸಿಟ್ಟು ಬಂತು. ಎಷ್ಟು ಬಂತು ಎಂದು ಈಗ ಅಳೆಯಲಾರೆ. ಆ ದಿನದ ಪುಟದಲ್ಲಿ ಪೆನ್ನು ಕಾಗದವನ್ನು ಒಂದು ಕಡೆ ತೂತು ಮಾಡಿದೆ.

ಕಾರಣ ಸಿಕ್ಕಿತ್ತು. ಅದನ್ನೇ ಹಿಡಿದು ಹನ್ನೊಂದು, ಹನ್ನೆರಡನ್ನು ಈಗ ನ್ಯಾಯವಾಗಿಯೇ ಬಿಡಬಹುದಿತ್ತು. ಆದರೆ ಉಳಿದ ನಾಲ್ಕಕ್ಕೂ ಪುಟ್ಟಿ ಬಿದ್ದಿತ್ತು. ಲಿಂಗಸುಗೂರಿನಲ್ಲಿ ಪರಿಚಯದವರ ಮಣ್ಣು ಪರೀಕ್ಷೆಯ ಕೋಣೆಯಲ್ಲಿ ಎರಡು ದಿನ ಕೂತು ಆರೂ ಮಡಿಯ ಮಣ್ಣಿನಲ್ಲಿ ಜಿಪ್ಸಂನ ಗುರುತಾದ ಸಲ್ಫೇಟ್ ನೋಡಿದೆ. ಎಲ್ಲದರಲ್ಲೂ ಇತ್ತು, ಒಂದೊಂದರಲ್ಲಿ ಒಂದೊಂದು ಪ್ರಮಾಣ. ಅದು ಪುಟ್ಟಿಯಿಂದ ಬಂದದ್ದೋ, ಪಕ್ಕದ ಮಡಿಯಿಂದ ಬದು ಸೋರಿ ಬಂದದ್ದೋ ಮಣ್ಣು ಹೇಳುವುದಿಲ್ಲ. ಅಮ್ಮನ ನೆನಪನ್ನು ಕೇಳಿ ಲೆಕ್ಕ ಸರಿಪಡಿಸಬಹುದಿತ್ತು. ಬಸ್ಸಿನ ಕಿಟಕಿ ಎಡವೋ ಬಲವೋ ತಿಳಿಯದ ನಾನು, ಸೋಮವಾರವೋ ಅಲ್ಲವೋ ತಿಳಿಯದ ಅವರ ನೆನಪಿನ ಮೇಲೆ ಪ್ರಬಂಧ ಕಟ್ಟುವುದು ಹೇಗೆ? ನೋಟ್‌ಬುಕ್ಕನ್ನು ಮತ್ತೆ ತೆರೆದೆ. ತಪ್ಪು ಅಲ್ಲೇ ಇತ್ತು. ಎರಡು ಚೀಲ ಉಳಿದವು ಎಂದು ಬರೆದವಳು ಐದು ತಿಂಗಳಲ್ಲಿ ಒಮ್ಮೆಯೂ ಕೊಟ್ಟಿಗೆಯೊಳಗೆ ಇಣುಕಿರಲಿಲ್ಲ. ಏನು ಹಾಕಿದ್ದು, ಎಷ್ಟು, ಯಾವ ದಿನ ಎಂಬ ಕಾಲಮ್ಮುಗಳಿದ್ದವು. ಯಾರ ಕೈ ಎಂಬ ಕಾಲಮ್ಮು ಇರಲಿಲ್ಲ. ಹೊಲದಲ್ಲಿ ನನ್ನದೊಂದೇ ಕೈ ಇದೆ ಎಂದು ತಿಳಿದಿದ್ದೆ.

ಆ ಹಂಗಾಮಿನ ಅಷ್ಟೂ ಪುಟಗಳ ಮೇಲೆ ಓರೆಯಾಗಿ ಒಂದೊಂದು ಗೆರೆ ಎಳೆದೆ. ಅಳಿಸಲಿಲ್ಲ, ಹರಿಯಲಿಲ್ಲ.

ಅವಧಿ ವಿಸ್ತರಣೆಗೆ ಅರ್ಜಿ ಬರೆಯಬೇಕಾಯಿತು. ಮಳೆ ಹೆಚ್ಚಾಗಿ ಪ್ರಯೋಗ ಹಾಳಾಯಿತು ಎಂದು ಬರೆಯಿರಿ, ಯಾರೂ ಕೇಳುವುದಿಲ್ಲ ಎಂದು ಮಾರ್ಗದರ್ಶಕರು ಹೇಳಿದರು. ನಿಜ ಬರೆದರೆ ಪ್ರಯೋಗ ಕಾಯಲು ಬಾರದವಳು ಎಂದು ನೋಂದಣಿಯನ್ನೇ ತೆಗೆದುಹಾಕಬಹುದಿತ್ತು. ಹಾಕಬಾರದ ಮಡಿಗಳಿಗೆ ನನ್ನ ಗಮನಕ್ಕೆ ಬಾರದಂತೆ ಜಿಪ್ಸಂ ಬಿದ್ದಿದೆ, ಅದನ್ನು ತಡೆಯುವ ವ್ಯವಸ್ಥೆ ನಾನು ಮಾಡಿರಲಿಲ್ಲ ಎಂದು ಬರೆದು ಕಳಿಸಿದೆ. ಮೂರು ವಾರ ಉತ್ತರ ಬರಲಿಲ್ಲ. ಬಂದಾಗ ಎರಡೇ ಸಾಲಿತ್ತು: ಆರು ತಿಂಗಳು, ಇನ್ನೊಮ್ಮೆ ವಿಸ್ತರಣೆ ಇಲ್ಲ.

ಆರು ತಿಂಗಳಲ್ಲಿ ಬರೆಯುವುದಕ್ಕೂ ಸಮಯ ಬೇಕು. ಭತ್ತ ಬೆಳೆದು ಕೊಯ್ಯುವಷ್ಟು ವ್ಯವಧಾನ ಇಲ್ಲ. ಪ್ರಶ್ನೆಯನ್ನೇ ಸಣ್ಣದು ಮಾಡಿದೆ. ಇಳುವರಿ ಬೇಡ, ಜಿಪ್ಸಂ ಬಿದ್ದ ನೆಲದಲ್ಲಿ ನೀರು ಎಷ್ಟು ಬೇಗ ಇಂಗುತ್ತದೆ, ಅಷ್ಟೇ. ಆ ಬಿಳಿ ತುಂಡಿನ ಇನ್ನೊಂದು ಅರ್ಧವನ್ನು ಯಜಮಾನರು ಬಿತ್ತದೆ ಬಿಟ್ಟಿದ್ದರು. ಅಲ್ಲಿ ಹೊಸದಾಗಿ ಹನ್ನೆರಡು ಮಡಿ ಮಾಡಬಹುದಿತ್ತು. ಆದರೆ ಮತ್ತೆ ಅರ್ಧ ಮಡಿಗಳನ್ನು ಖಾಲಿ ಬಿಟ್ಟು ಅಮ್ಮನ ಕೈಯನ್ನು ಕಾಯುವುದು ಹೇಗೆಂದು ತಿಳಿಯಲಿಲ್ಲ. ಬೇರೆ ಹೊಲ ಹುಡುಕಲು ಮುಕ್ಕುಂದದವರೆಗೂ ಹೋಗಿ ಬಂದೆ. ಅಲ್ಲಿಯ ಸವಳಿನ ಬಗೆಯೇ ಬೇರೆ.

ಮತ್ತೆ ಕೇಳಲು ಅವರ ಮನೆಗೆ ಹೋದ ದಿನ ಅಲ್ಲಿ ಪೂಜೆ, ತುಂಬ ಜನ. ಪಡಸಾಲೆ ಸಣ್ಣದು. ಮೊದಲ ಪಂಕ್ತಿ ಒಳಗೆ ಕೂತಿತ್ತು, ಎರಡನೆಯ, ಮೂರನೆಯ ಪಂಕ್ತಿಯವರು ಹೊರಗೆ ಕಟ್ಟೆಯ ಮೇಲೆ ಹರಟುತ್ತಿದ್ದರು. ಅಮ್ಮ ಒಳಗೆ ಮೂರನೆಯ ಸಲ ಹುಗ್ಗಿ ಬಡಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತು, ಸ್ವಲ್ಪ ಕೊಂಕಿನಿಂದಲೇ, "ಅಮ್ಮ, ಹೊರಗಿನವರು ಉಪಾಸ ಅದಾರಲ್ಲ," ಎಂದೆ.

ಅಮ್ಮ ಸೌಟು ಎತ್ತಿಕೊಂಡೇ ತಿರುಗಿದರು. "ಅವರಿಗೆ ಇಲ್ಲ ಅಂದೀನೇನ? ಇನ್ನಾ ಬಡಿಸಿಲ್ಲ ಅಷ್ಟ."

ನಾನು ಊಟಕ್ಕೆ ಮೂರನೆಯ ಪಂಕ್ತಿಯಲ್ಲಿ ಕೂತೆ. ಎಲೆ ಎತ್ತುವ ಹೊತ್ತಿಗೆ ಯೋಜನೆ ಸಿದ್ಧವಾಗಿತ್ತು ಎಂದು ಬರೆದರೆ ಚೆಂದ. ನೋಟ್‌ಬುಕ್ಕಿನಲ್ಲಿ ಅದಕ್ಕೆ ಎರಡು ದಿನ ಹಿಡಿದಿದೆ, ನಾಲ್ಕು ಕರಡುಗಳಿವೆ. ಹನ್ನೆರಡು ಮಡಿ, ಮೂರು ಪಂಕ್ತಿ. ಎಲ್ಲಕ್ಕೂ ಜಿಪ್ಸಂ ಬೀಳುತ್ತದೆ. ಮೊದಲು ನಾಲ್ಕಕ್ಕೆ, ಮೂರು ವಾರ ನೀರು ಕಟ್ಟಿ ಬಸಿದ ಮೇಲೆ ಇನ್ನು ನಾಲ್ಕಕ್ಕೆ, ಮತ್ತೆ ಮೂರು ವಾರ ಬಿಟ್ಟು ಕೊನೆಯ ನಾಲ್ಕಕ್ಕೆ. ಕಾಯುವ ಮಡಿಗೂ ಉಂಡ ಮಡಿಯಷ್ಟೇ ನೀರು ಕಟ್ಟಬೇಕು. ಪ್ರತಿ ಪಂಕ್ತಿಗೆ ಮೊದಲು ಹನ್ನೆರಡರಲ್ಲೂ ಅಳತೆ. ಉಂಡವನ್ನು ಹೋಲಿಸಿ ನೋಡಲು ಕಾಯುತ್ತಿರುವವು ಇರುತ್ತವೆ, ಕಾಯುವವಕ್ಕೂ ಸರದಿ ಇರುತ್ತದೆ. ಇಂಥ ಕ್ರಮ ಬೇರೆ ಕಡೆ ಬಳಕೆಯಲ್ಲಿದೆ ಎಂದು ಮಾರ್ಗದರ್ಶಕರು ಹೇಳಿದರು. ಇರಬಹುದು. ನನಗೆ ಸಿಕ್ಕಿದ್ದು ಆ ಪಡಸಾಲೆಯಲ್ಲಿ.

ಅಮ್ಮ ಕೇಳಿ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. "ಅವುಗಳ ಚೀಲ ಅವುಗಳ ಬದುವಿನ ಮ್ಯಾಲೇ ಇರ್ಲಿ. ಕೊಡ್ತೀವಿ ಅಂತ ಬರೇ ಬಾಯಿಲೆ ಹೇಳಬ್ಯಾಡ." ಈ ಸಲ ಚೀಟಿಯನ್ನೂ ಅವರೇ ಎತ್ತಿದರು. ಪ್ರತಿ ಮಡಿಯ ಬದುವಿನ ಮೇಲೆ ಕಲ್ಲಿಟ್ಟು, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿದ ಚೀಲವಿಟ್ಟು, ಬಾಯಿಗೆ ದಾರ ಕಟ್ಟಿ ಮಡಿಯ ಸಂಖ್ಯೆ ಬರೆದೆ. ಹೊಸ ನೋಟ್‌ಬುಕ್ಕಿನಲ್ಲಿ "ಕೈ" ಎಂಬ ಕಾಲಮ್ಮು ಹಾಕಿದೆ.

ನೀರು ಇಂಗುವುದನ್ನು ಅಳೆಯಲು ಎರಡೂ ಕಡೆ ಬಾಯಿ ತೆರೆದ ಕಬ್ಬಿಣದ ಬಳೆ ಬೇಕು. ಸಿಂಧನೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಹಳೆಯ ಪೈಪು ಕತ್ತರಿಸಿ ಮಾಡಿಸಿದೆ. ಅದರ ಮೇಲೆ ಹಲಗೆ ಇಟ್ಟು ಸುತ್ತಿಗೆಯಿಂದ ಅರ್ಧ ಗೇಣು ನೆಲಕ್ಕಿಳಿಸಿ, ಒಳಗೆ ನೀರು ತುಂಬಿ, ಹತ್ತು ನಿಮಿಷಕ್ಕೊಮ್ಮೆ ಅಳತೆಪಟ್ಟಿ ಇಳಿಸಿ ನೋಡಬೇಕು. ಮೊದಲ ಸುತ್ತಿನಲ್ಲಿ ಹನ್ನೆರಡು ಮಡಿಯಲ್ಲೂ ನೀರು ಕನ್ನಡಿಯ ಹಾಗೆ ನಿಂತಿತ್ತು. ಅಮ್ಮ ಬಗ್ಗಿ ಅದರಲ್ಲಿ ಮುಖ ನೋಡಿಕೊಂಡರು.

ಹೋದಾಗಲೆಲ್ಲ ಬದುವಿನ ಚೀಲಗಳನ್ನು ಕೊಕ್ಕೆ ತಕ್ಕಡಿಗೆ ತೂಗುಹಾಕಿ ಬರೆದುಕೊಳ್ಳುತ್ತಿದ್ದೆ. ಅಮ್ಮನಿಗೆ ಅರ್ಥವಾಗದೆ ಇರಲಿಲ್ಲ.

"ನನ್ನ ತೂಕ ಮಾಡಾಕತ್ತೀಯೇನವ್ವ?"

"ಇಲ್ಲಮ್ಮ, ನಂದೇ."

"ನಿಂದು ಬಾಳ ಕಮ್ಮಿ ಆಗೈತಿ. ಉಣ್ಣು ಬಾ."

ಎರಡನೆಯ ಪಂಕ್ತಿಯಾದ ಮೇಲೆ ಕಾಲುವೆಯಲ್ಲಿ ನೀರು ನಿಂತಿತು. ಮೇಲೆ ಎಲ್ಲೋ ದುರಸ್ತಿ ಎಂದರು. ಮಡಿಗಳಿಗೆ ನೀರು ಕಟ್ಟಲಾಗದೆ ಎಂಟು ದಿನ ಕಳೆದವು. ಕಾಲೇಜಿನಲ್ಲಿ ಪರೀಕ್ಷೆ, ನಾನು ಹೋಗಲಾಗಲಿಲ್ಲ. ಕೊನೆಯ ನಾಲ್ಕು ಮಡಿ ಒಣಗಿ, ಬಿಳಿ ಪದರು ಎದ್ದು, ಬಿರುಕು ಬಿಟ್ಟಿವೆ ಎಂದು ಯಜಮಾನರು ಫೋನಿನಲ್ಲಿ ಹೇಳಿದರು. ತಾಯಿ ದಿನಾ ಹೋಗಿ ಆ ಬದುವಿನ ಮೇಲೇ ಕೂರುತ್ತಾಳೆ, ಏನು ಮಾಡುತ್ತಾಳೋ ನಾನರಿಯೆ ಎಂದೂ ಹೇಳಿದರು. ಕಾವಲಿಗೆ ಒಬ್ಬರನ್ನು ಇಡುತ್ತೇನೆ, ಬೇಕಾದರೆ ಚೀಲಗಳನ್ನು ಮನೆಗೆ ತರಿಸಿ ಬೀಗ ಹಾಕುತ್ತೇನೆ ಎಂದರು. ಬೇಡ ಎಂದೆ. ಈ ಸಲ ಒಂದು ಪುಟ್ಟಿ ಬಿದ್ದರೂ ಮತ್ತೊಂದು ಅವಕಾಶ ಇರಲಿಲ್ಲ. ಆದರೆ ಬದುವಿನ ಮೇಲಿನ ಚೀಲ ಅಮ್ಮನಿಗೆ ಕೊಟ್ಟ ಮಾತು. ನಾನೇ ಅದನ್ನು ಮುರಿದರೆ ಅವರು ಉಳಿಸಿಕೊಳ್ಳಬೇಕೆಂದು ಹೇಗೆ ಕೇಳಲಿ?

ನೀರು ಬಂದು, ಕಟ್ಟಿ, ಬಸಿದು, ಕೊನೆಯ ಅಳತೆಯ ದಿನ ಬೆಳಿಗ್ಗೆ ಹೋದೆ. ಮೊದಲು ಚೀಲಗಳ ಹತ್ತಿರ ಹೋದೆ. ಉಳಿದಿದ್ದ ನಾಲ್ಕರಲ್ಲಿ ಮೂರು ಚೀಲಗಳ ದಾರ ನಾನು ಕಟ್ಟಿದ ಹಾಗೆಯೇ ಇತ್ತು. ಒಂಬತ್ತನೆಯ ಮಡಿಯ ಚೀಲದ ಗಂಟು ಬೇರೆ ಇತ್ತು. ಅಮ್ಮ ಬೇವಿನ ಮರದ ಕಡೆಯಿಂದ ನಿಧಾನವಾಗಿ ಬಂದರು. ನಾನು ಕೇಳುವ ಮೊದಲೇ ಹೇಳಿದರು:

"ಬಿಚ್ಚಿದ್ದೆ. ಕೈ ಹಾಕಿದ್ದೆ. ಮತ್ತ ಕಟ್ಟಿದೆ. ಬರಕೋ."

ತೂಗಿದೆ. ತಕ್ಕಡಿಯ ಕಣ್ಣಿಗೆ ಕಾಣುವಷ್ಟರ ಮಟ್ಟಿಗೆ ತೂಕ ಸರಿಯಾಗಿತ್ತು. ಅವರು ಹೇಳಿದಂತೆಯೇ ಬರೆದು, ಕೈ ಎಂಬಲ್ಲಿ ಅಮ್ಮ ಎಂದು ಹಾಕಿದೆ.

ಬಳೆಗಳನ್ನು ಬಡಿದೆವು. ಮೊದಲ ಪಂಕ್ತಿಯ ಮೂರು ಮಡಿಗಳಲ್ಲಿ ನೀರು ನೋಡುನೋಡುತ್ತ ಇಳಿಯುತ್ತಿತ್ತು. ನಾಲ್ಕನೆಯದರಲ್ಲಿ ಯಾಕೋ ಇಳಿಯಲೇ ಇಲ್ಲ. ಆ ಅಂಕಿ ಪ್ರಬಂಧದ ಕೋಷ್ಟಕದಲ್ಲಿ ಹಾಗೆಯೇ ಇದೆ, ಗೆರೆ ಎಳೆದ ಹಿಂದಿನ ಹಂಗಾಮು ಅನುಬಂಧದಲ್ಲಿದೆ. ಎರಡನೆಯ ಪಂಕ್ತಿಯಲ್ಲಿ ನೀರು ತಡೆತಡೆದು ಇಳಿಯಿತು. ಕಾಯುತ್ತಿದ್ದ ನಾಲ್ಕರಲ್ಲಿ ನಿಂತೇ ಇತ್ತು. ಅಮ್ಮ ಒಂದು ಬಳೆಯಿಂದ ಇನ್ನೊಂದಕ್ಕೆ ಹೋಗಿ, ಪ್ರತಿಯೊಂದರ ಹತ್ತಿರವೂ ಕುಕ್ಕರುಗಾಲಲ್ಲಿ ಕೂತು ನೋಡಿದರು. ಕೊನೆಗೆ ಒಂಬತ್ತನೆಯದರ ಮುಂದೆ ಬಹಳ ಹೊತ್ತು ಕೂತರು. ಇದು ಕಾಯದೆ ಇದ್ದಿದ್ದರೆ ಅವು ಉಂಡದ್ದು ಗೊತ್ತೇ ಆಗುತ್ತಿರಲಿಲ್ಲ ಎಂದು ಹೇಳೋಣವೆಂದುಕೊಂಡೆ. ಅವರ ಮುಖ ನೋಡಿ ಬಿಟ್ಟೆ.

ಪ್ರಬಂಧವನ್ನು ಅವಧಿ ಮುಗಿಯುವ ಮೂರು ದಿನ ಮೊದಲು ಒಪ್ಪಿಸಿದೆ. ಕೊನೆಯ ಅಳತೆಯ ಆ ಮಧ್ಯಾಹ್ನದ ಬಗ್ಗೆ ನೋಟ್‌ಬುಕ್ಕಿನಲ್ಲಿ ಇರುವುದು ಇಷ್ಟು: "ಕೊನೆಯ ಅಳತೆ ಮುಗಿಯಿತು. ಮೂರನೆಯ ಪಂಕ್ತಿ. ಕೈ: ಅಮ್ಮ." ಉಳಿದದ್ದಕ್ಕೆ ದಾಖಲೆ ಇಲ್ಲ. ನೆನಪನ್ನು ನಂಬಿದ್ದು ಇಲ್ಲೊಂದೇ ಕಡೆ. ಕೊನೆಯ ಅಂಕಿ ಬರೆದು ಪೆನ್ನಿನ ಮುಚ್ಚಳ ಹಾಕುವಾಗ ಅಮ್ಮ ಒಂಬತ್ತನೆಯ ಬದುವಿನ ಮೇಲೆ ನಿಂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲದ ಗಂಟಿನ ಮೇಲೆ ಕೈ ಇಟ್ಟುಕೊಂಡು, ಬಿಚ್ಚದೆ.

"ಬರಕೊಂಡೇನವ್ವ?"

"ಬರಕೊಂಡೆ ಅಮ್ಮ."

"ಹಂಗಾರ ಬಡಸ್ತೀನಿ."